ಮೂವತ್ತು ವರ್ಷದ ಮರಾಮತ್ತು

ವಿಂಡೋಸ್ ಕಂಪ್ಯೂಟರಿನಲ್ಲಿ ‘ಕಾನ್’ ಎಂಬ ಹೆಸರಿನ ಫೋಲ್ಡರ್ ಮಾಡಲು ಯಾರಿಂದಲೂ ಆಗದು, ಅದೇಕೆಂದು ಬಿಲ್ ಗೇಟ್ಸ್‌ಗೂ ಗೊತ್ತಿಲ್ಲ, ಇದನ್ನು ಕಂಡುಹಿಡಿದವನು ಒಬ್ಬ ಭಾರತೀಯ. ಈ ಶತಮಾನದ ಮೊದಲ ದಶಕದಲ್ಲಿ ಇಂಥದೊಂದು ಇಮೇಲ್ ನಮ್ಮ ಕಾಲೇಜು, ಕಚೇರಿಗಳಲ್ಲೆಲ್ಲ ಸುತ್ತಾಡಿತು. ಓದಿದವರು ತಾವೂ ಮಾಡಿ ನೋಡಿದರು, ಆಗಲಿಲ್ಲ. ಬೆರಗಾಗಿ ಇನ್ನೊಬ್ಬರಿಗೆ ಕಳಿಸಿದರು.

ಅದರಲ್ಲಿ ರಹಸ್ಯವೇನೂ ಇರಲಿಲ್ಲ. ವಿಂಡೋಸ್‌ಗೂ ಹಿಂದಿನದು ಡಾಸ್. 1981ರಲ್ಲಿ ಅದರ ಮೊದಲ ಆವೃತ್ತಿ ಬಂದಾಗ ಅದರಲ್ಲಿ ಫೋಲ್ಡರ್ ಎಂಬುದೇ ಇರಲಿಲ್ಲ. ಪರದೆ ಮತ್ತು ಕೀಲಿಮಣೆಗೆ ‘ಕಾನ್’, ಪ್ರಿಂಟರಿಗೆ ‘ಪಿಆರ್‌ಎನ್’, ಸೀರಿಯಲ್ ಪೋರ್ಟಿಗೆ ‘ಆಕ್ಸ್’ ಎಂದು ಹೆಸರು ಕಾದಿರಿಸಿದ್ದರು. ಮುಂದೆ ಫೋಲ್ಡರುಗಳು ಬಂದವು, ವಿಂಡೋಸ್ ಬಂತು. ಆದರೆ ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ಆ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡರು. ಹೀಗಾಗಿ ‘ಕಾನ್’ ಎಂದರೆ ವಿಂಡೋಸ್ ಅದನ್ನು ಕಡತವೆಂದು ತಿಳಿಯದೆ ಪರದೆಯೆಂದೇ ತಿಳಿಯುತ್ತಿತ್ತು.

ಬಹುಪಾಲು ಜನರಿಗೆ ಇದು ಚಹಾದ ಹೊತ್ತಿನ ಹರಟೆ. ಆದರೆ ಯುನಿಕ್ಸ್‌ಗೆಂದು ಬರೆದ ತಂತ್ರಾಂಶವನ್ನು ವಿಂಡೋಸ್ ಮೇಲೆ ಓಡಿಸಲು ಹೊರಟವರಿಗೆ ಇದು ನಿತ್ಯದ ತಲೆನೋವು. ಯುನಿಕ್ಸ್‌ನಲ್ಲಿ ‘ಆಕ್ಸ್.ಸಿ’ ಎಂಬುದು ತೀರ ಸಾಧಾರಣ ಹೆಸರು. ಅಂಥ ಕಡತವಿರುವ ಸೋರ್ಸ್ ಕೋಡಿನ ಗಂಟನ್ನು ವಿಂಡೋಸ್‌ನಲ್ಲಿ ಬಿಚ್ಚಿದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಇಂಥ ತೊಡಕುಗಳನ್ನು ಒಂದಾದ ಮೇಲೊಂದರಂತೆ ಬಿಡಿಸುತ್ತ ಕುಳಿತವರ ಯೋಜನೆಯೊಂದಿದೆ. ಅದರ ಹೆಸರು ಸಿಗ್ವಿನ್. ಅದು ಹುಟ್ಟಿದ್ದು ಹೇಗೆಂಬುದು ಸ್ವಾರಸ್ಯದ ಕಥೆ. ಹುಟ್ಟಿದ ಮೇಲೆ ಮೂವತ್ತು ವರ್ಷ ಅದನ್ನು ಉಳಿಸಿಕೊಂಡು ಬಂದದ್ದು ಇನ್ನೂ ದೊಡ್ಡ ಕಥೆ, ಆದರೆ ಅದನ್ನು ಹೇಳಿದವರು ಕಡಿಮೆ.

*

ಸಿಗ್ವಿನ್ ಶುರುವಾದದ್ದು 1995ರಲ್ಲಿ, ಅಮೆರಿಕದ ಸಿಗ್ನಸ್ ಎಂಬ ಕಂಪನಿಯಲ್ಲಿ. ಜಾನ್ ಗಿಲ್ಮೋರ್, ಮೈಕೆಲ್ ಟೀಮನ್ ಮತ್ತು ಡೇವಿಡ್ ಹೆಂಕೆಲ್-ವ್ಯಾಲೇಸ್ ಸೇರಿ 1989ರಲ್ಲಿ ಕಟ್ಟಿದ ಈ ಕಂಪನಿ ಆ ಕಾಲಕ್ಕೆ ವಿಚಿತ್ರವೆನಿಸುವ ವ್ಯಾಪಾರಕ್ಕೆ ಕೈಹಾಕಿತ್ತು. ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಗ್ನೂ ಯೋಜನೆಯ ತಂತ್ರಾಂಶವನ್ನು ಯಾರು ಬೇಕಾದರೂ ಪಡೆಯಬಹುದಿತ್ತು, ತಿದ್ದಬಹುದಿತ್ತು, ಹಂಚಬಹುದಿತ್ತು. ಹಾಗೆ ಬಿಟ್ಟಿ ಸಿಗುವುದನ್ನು ದುರಸ್ತಿ ಮಾಡಿಕೊಡಲು, ಹೊಸ ಹೊಸ ಚಿಪ್‌ಗಳಿಗೆ ಒಗ್ಗಿಸಿಕೊಡಲು ಸಿಗ್ನಸ್ ಹಣ ಪಡೆಯುತ್ತಿತ್ತು. ತಂತ್ರಾಂಶಕ್ಕೆ ಬೆಲೆಯಿಲ್ಲದಿದ್ದರೂ ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಬೆಲೆಯಿದೆ ಎಂಬುದು ಅವರ ಲೆಕ್ಕ.

ಗಿರಾಕಿಗಳು ಹೆಚ್ಚಾಗಿ ಸಣ್ಣಪುಟ್ಟ ಸಾಧನಗಳೊಳಗಿನ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುವವರು. ಅವರಿಗೆ ಬೇಕಾಗಿದ್ದದ್ದು ಗ್ನೂ ಕಂಪೈಲರ್, ಅಂದರೆ ಮನುಷ್ಯರು ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ತಂತ್ರಾಂಶ. ಅದು ಯುನಿಕ್ಸ್ ಯಂತ್ರಗಳ ಮೇಲೆ ಚೆನ್ನಾಗಿ ಓಡುತ್ತಿತ್ತು. ಆದರೆ ತೊಂಬತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಕಚೇರಿಗಳ ಮೇಜಿನ ಮೇಲೆಲ್ಲ ವಿಂಡೋಸ್ ಬಂದು ಕುಳಿತಿತ್ತು. ಕೆಲಸದ ಸಲಕರಣೆ ಒಂದು ಕಡೆ, ಕೆಲಸ ಮಾಡುವ ಮೇಜು ಇನ್ನೊಂದು ಕಡೆ ಎಂಬಂತಾಯಿತು.

ಸಿಗ್ನಸ್‌ನ ಎಂಜಿನಿಯರ್ ಸ್ಟೀವ್ ಚೇಂಬರ್ಲೇನ್ ಒಂದು ಸಂಗತಿಯನ್ನು ಗಮನಿಸಿದರು. ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95 ತಮ್ಮ ಪ್ರೋಗ್ರಾಮುಗಳನ್ನು ಕಡತದಲ್ಲಿ ಜೋಡಿಸಿಡುವ ವಿಧಾನಕ್ಕೆ ‘ಕಾಫ್’ ಎಂದು ಹೆಸರು. ಅದು ಯುನಿಕ್ಸ್ ಲೋಕದಿಂದಲೇ ಬಂದದ್ದು. ಗ್ನೂ ಕಂಪೈಲರಿಗೆ ಇಂಟೆಲ್ ಚಿಪ್ ಗೊತ್ತಿತ್ತು, ಕಾಫ್ ಕೂಡ ಗೊತ್ತಿತ್ತು. ಹಾಗಿದ್ದ ಮೇಲೆ ಅದರಿಂದಲೇ ವಿಂಡೋಸ್ ಪ್ರೋಗ್ರಾಂ ಏಕೆ ಹೊರಡಿಸಬಾರದು? ಯುನಿಕ್ಸ್ ಯಂತ್ರದ ಮೇಲೆ ಕುಳಿತು ಹೀಗೆ ಮಾಡುವುದು ಬೇಗ ಸಾಧ್ಯವಾಯಿತು.

ತೊಡಕು ಎದುರಾದದ್ದು ಕಂಪೈಲರನ್ನೇ ವಿಂಡೋಸ್ ಮೇಲೆ ಕಟ್ಟಬೇಕೆಂದಾಗ. ಗ್ನೂ ತಂತ್ರಾಂಶವನ್ನು ಕಟ್ಟುವಾಗ ಮೊದಲು ಓಡುವುದು ‘ಕಾನ್ಫಿಗರ್’ ಎಂಬ ಉದ್ದನೆಯ ಶೆಲ್ ಸ್ಕ್ರಿಪ್ಟು. ಅದಕ್ಕೆ ಬ್ಯಾಷ್ ಬೇಕು, ಸೆಡ್ ಬೇಕು, ಗ್ರೆಪ್ ಬೇಕು. ಇವೆಲ್ಲ ಯುನಿಕ್ಸ್ ತನ್ನ ಕಾಲ ಕೆಳಗಿದೆಯೆಂದು ನಂಬಿ ಬರೆದ ಪ್ರೋಗ್ರಾಮುಗಳು. ಒಂದೊಂದನ್ನೂ ವಿಂಡೋಸ್‌ಗೆ ತಕ್ಕಂತೆ ತಿದ್ದುತ್ತ ಹೋದರೆ ಆ ಕೆಲಸ ಮುಗಿಯುವಂಥದಲ್ಲ. ಚೇಂಬರ್ಲೇನ್ ಬೇರೆ ದಾರಿ ಹಿಡಿದರು. ಪ್ರೋಗ್ರಾಮುಗಳನ್ನು ಅವಿದ್ದಂತೆಯೇ ಬಿಟ್ಟು, ಅವುಗಳಿಗೂ ವಿಂಡೋಸ್‌ಗೂ ನಡುವೆ ಒಂದು ಲೈಬ್ರರಿ ಇಟ್ಟರು. ಪ್ರೋಗ್ರಾಂ ಯುನಿಕ್ಸ್‌ನ ರೀತಿಯಲ್ಲಿ ಕೇಳುತ್ತದೆ, ಲೈಬ್ರರಿ ಅದನ್ನು ವಿಂಡೋಸ್‌ಗೆ ತಿಳಿಯುವ ಮಾತಿನಲ್ಲಿ ಹೇಳಿ ಕೆಲಸ ಮಾಡಿಸಿಕೊಂಡು ಬರುತ್ತದೆ. ಮೊದಲು ಈ ಯೋಜನೆಯನ್ನು ‘ಗ್ನೂವಿನ್32’ ಎಂದು ಕರೆಯುತ್ತಿದ್ದರು. ಮೈಕ್ರೋಸಾಫ್ಟ್ ‘ವಿನ್32’ ಎಂಬುದನ್ನು ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡ ಮೇಲೆ 32 ಬಿದ್ದುಹೋಗಿ ‘ಸಿಗ್ವಿನ್’ ಎಂಬ ಹೆಸರೇ ನಿಂತಿತು.

ಇದೇ ಕೆಲಸಕ್ಕೆ ಇಳಿದವರು ಇನ್ನೂ ಇದ್ದರು. ಅಮೆರಿಕ ಸರ್ಕಾರದ ಖರೀದಿ ನಿಯಮಕ್ಕಾಗಿ ವಿಂಡೋಸ್ ಎನ್‌ಟಿಯಲ್ಲೇ ಯುನಿಕ್ಸ್ ಮಾದರಿಯ ಪುಟ್ಟ ವ್ಯವಸ್ಥೆಯೊಂದನ್ನು ಮೈಕ್ರೋಸಾಫ್ಟ್ ಇಟ್ಟಿತ್ತು. ಇಂಟರಿಕ್ಸ್ ಎಂಬ ಇನ್ನೂ ಸಮರ್ಥ ವ್ಯವಸ್ಥೆಯನ್ನು 1999ರಲ್ಲಿ ಕೊಂಡುಕೊಂಡಿತು. ಎಟಿ ಅಂಡ್ ಟಿಯಲ್ಲಿ, ಕಾರ್ನ್ ಶೆಲ್ ಬರೆದ ಡೇವಿಡ್ ಕಾರ್ನ್ ಅವರೇ ‘ಯುವಿನ್’ ಎಂಬುದನ್ನು ಕಟ್ಟಿದರು. ದೊಡ್ಡ ಕಂಪನಿಗಳ ಹಣವೂ ದೊಡ್ಡ ತಲೆಗಳೂ ಹಿಂದಿದ್ದ ಇವೆಲ್ಲ ಒಂದೊಂದಾಗಿ ಮರೆಗೆ ಸರಿದವು. ಸಿಗ್ವಿನ್ ಉಳಿಯಿತು.

*

ಅದು ಉಳಿಯಲು ಎಷ್ಟು ಬೆವರು ಬೇಕಾಯಿತೆಂದು ತಿಳಿಯಲು ಒಂದೇ ಒಂದು ಉದಾಹರಣೆ ಸಾಕು. ಯುನಿಕ್ಸ್‌ನಲ್ಲಿ ‘ಫೋರ್ಕ್’ ಎಂಬ ಕ್ರಿಯೆಯಿದೆ. ಓಡುತ್ತಿರುವ ಪ್ರೋಗ್ರಾಂ ಫೋರ್ಕ್ ಎಂದರೆ ಸಾಕು, ಅದರ ತದ್ರೂಪು ಇನ್ನೊಂದು ಹುಟ್ಟುತ್ತದೆ. ಅದೇ ನೆನಪು, ತೆರೆದ ಅದೇ ಕಡತಗಳು, ನಿಂತಿದ್ದ ಅದೇ ಸಾಲು. ಅಲ್ಲಿಂದ ಮುಂದೆ ಇಬ್ಬರೂ ತಂತಮ್ಮ ದಾರಿ ಹಿಡಿಯುತ್ತಾರೆ. ಬ್ಯಾಷ್‌ನಲ್ಲಿ ಒಂದು ಆಜ್ಞೆ ಕೊಟ್ಟಾಗಲೆಲ್ಲ ಒಳಗೆ ನಡೆಯುವುದು ಸಾಮಾನ್ಯವಾಗಿ ಇದೇ.

ವಿಂಡೋಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಮುಗಳ ಬಳಕೆಗೆ ಫೋರ್ಕ್ ಇಲ್ಲ. ಅಲ್ಲಿ ಹೊಸ ಪ್ರೋಗ್ರಾಂ ಹುಟ್ಟಿದರೆ ಅದು ಮೊದಲ ಸಾಲಿನಿಂದಲೇ ಶುರುವಾಗಬೇಕು. ಹೀಗಾಗಿ ಸಿಗ್ವಿನ್ ಒಂದು ಬಳಸುದಾರಿ ಹಿಡಿಯುತ್ತದೆ. ಅದೇ ಪ್ರೋಗ್ರಾಮಿನ ಹೊಸ ಪ್ರತಿಯೊಂದನ್ನು ಹುಟ್ಟಿಸಿ, ಅದು ಹೆಜ್ಜೆಯಿಡುವ ಮೊದಲೇ ತಡೆದು ನಿಲ್ಲಿಸುತ್ತದೆ. ತಾಯಿ ಪ್ರೋಗ್ರಾಮಿನ ನೆನಪನ್ನೆಲ್ಲ ತುಂಡುತುಂಡಾಗಿ ಅದಕ್ಕೆ ನಕಲು ಮಾಡುತ್ತದೆ. ಆಮೇಲೆ, ತಾಯಿ ನಿಂತಿದ್ದ ಸಾಲಿಗೇ ಅದನ್ನು ತಂದು ನಿಲ್ಲಿಸಿ ಕೈಬಿಡುತ್ತದೆ. ಯುನಿಕ್ಸ್‌ನಲ್ಲಿ ಕಣ್ಣೆವೆ ಮುಚ್ಚುವುದರೊಳಗೆ ಆಗುವ ಕೆಲಸ ಇಲ್ಲಿ ನಿಧಾನ. ಸಿಗ್ವಿನ್ ಬಳಸಿದವರೆಲ್ಲರ ಹಳೆಯ ದೂರೂ ಇದೇ.

ನಿಧಾನವನ್ನಾದರೂ ಸಹಿಸಬಹುದು. ಇದರೊಳಗೆ ಇನ್ನೊಂದು ಷರತ್ತು ಅಡಗಿದೆ. ತಾಯಿ ಪ್ರೋಗ್ರಾಮಿನೊಳಗೆ ಪ್ರತಿ ಲೈಬ್ರರಿ ನೆನಪಿನ ಯಾವ ವಿಳಾಸದಲ್ಲಿ ಕುಳಿತಿದೆಯೋ ಮಗುವಿನಲ್ಲೂ ಅದೇ ವಿಳಾಸದಲ್ಲಿ ಕೂರಬೇಕು. ಇಲ್ಲದಿದ್ದರೆ ನಕಲು ಮಾಡಿದ ನೆನಪಿಗೆ ಅರ್ಥವೇ ಇರುವುದಿಲ್ಲ. ಎರಡು ಲೈಬ್ರರಿಗಳು ಒಂದೇ ನಿವೇಶನಕ್ಕೆ ಹಕ್ಕು ಹೇಳಿದರೆ ವಿಂಡೋಸ್ ಒಂದನ್ನು ಬೇರೆಡೆಗೆ ಸರಿಸುತ್ತದೆ, ಅಲ್ಲಿಗೆ ಫೋರ್ಕ್ ಕೆಡುತ್ತದೆ. ವಿಂಡೋಸ್ ವಿಸ್ಟಾದಿಂದ ಮುಂದೆ ಭದ್ರತೆಗೆಂದು ಈ ವಿಳಾಸಗಳನ್ನು ಬೇಕೆಂದೇ ಅದಲುಬದಲು ಮಾಡುವ ಪದ್ಧತಿ ಬಂತು. ಇದರ ಜೊತೆಗೆ ಆಂಟಿವೈರಸ್ ತಂತ್ರಾಂಶಗಳು. ಅವು ಓಡುವ ಪ್ರತಿಯೊಂದು ಪ್ರೋಗ್ರಾಮಿನೊಳಗೂ ತಮ್ಮದೊಂದು ಲೈಬ್ರರಿಯನ್ನು ತೂರಿಸುತ್ತವೆ. ಕಾಯ್ದಿಟ್ಟ ಜಾಗದಲ್ಲಿ ಕರೆಯದ ಅತಿಥಿ ಬಂದು ಕುಳಿತಂತಾಗುತ್ತಿತ್ತು. ಯಾವ ಯಾವ ತಂತ್ರಾಂಶ ಹೀಗೆ ಅಡ್ಡಬರುತ್ತದೆಂದು ಸಿಗ್ವಿನ್‌ನವರು ಒಂದು ದೊಡ್ಡ ಪಟ್ಟಿಯನ್ನೇ ಇಟ್ಟುಕೊಂಡರು.

ಇದಕ್ಕೆ ಕಂಡುಕೊಂಡ ಪರಿಹಾರದ ಹೆಸರು ‘ರೀಬೇಸ್’. ಬಡಾವಣೆಯ ನಿವೇಶನಗಳನ್ನು ಮೊದಲೇ ಅಳೆದು ನಂಬರು ಹಾಕಿ ಹಂಚುವಂತೆ, ಕಂಪ್ಯೂಟರಿನಲ್ಲಿರುವ ಸಿಗ್ವಿನ್ ಲೈಬ್ರರಿಗಳಿಗೆಲ್ಲ ಒಂದಕ್ಕೊಂದು ತಾಗದಂತೆ ವಿಳಾಸ ಗೊತ್ತುಮಾಡುವುದು. ಹೊಸ ಪ್ಯಾಕೇಜು ಬಂದರೆ ಮತ್ತೆ ಹಂಚಿಕೆ. 32 ಬಿಟ್‌ನ ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವ ಜಾಗ 2 ಗಿಗಾಬೈಟ್ ಮಾತ್ರ. ಪ್ಯಾಕೇಜುಗಳು ಹೆಚ್ಚಿದಂತೆ ನಿವೇಶನ ಸಾಲದೆ ಬಂತು. 2013ರಲ್ಲಿ 64 ಬಿಟ್ ಸಿಗ್ವಿನ್ ಬಂದ ಮೇಲೆಯೇ ಈ ಇಕ್ಕಟ್ಟು ಸಡಿಲವಾದದ್ದು. 2022ರ ಡಿಸೆಂಬರಿನ 3.4 ಆವೃತ್ತಿಯಲ್ಲಿ 32 ಬಿಟ್‌ಗೆ ಪೂರ್ತಿ ವಿದಾಯ ಹೇಳಿದರು.

*

ಸಿಗ್ವಿನ್ ಬಗ್ಗೆ ಅನೇಕರಿಗಿರುವ ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ಬಿಡಿಸಿಡಬೇಕು. ಲಿನಕ್ಸ್‌ನಲ್ಲಿ ಓಡುವ ಪ್ರೋಗ್ರಾಮನ್ನು ತಂದು ಹಾಗೆಯೇ ಇದರ ಮೇಲೆ ಓಡಿಸಲು ಬರುವುದಿಲ್ಲ. ಅದರ ಸೋರ್ಸ್ ಕೋಡನ್ನು ತಂದು ಸಿಗ್ವಿನ್ ಮೇಲೆ ಮತ್ತೆ ಕಟ್ಟಬೇಕು. ಒಬ್ಬರು ಹೀಗೆ ಕಟ್ಟಿ ಗಂಟು ಮಾಡಿಟ್ಟರೆ ಉಳಿದವರೆಲ್ಲ ಇಳಿಸಿಕೊಂಡು ಬಳಸಬಹುದು. ಆ ಗಂಟಿಗೇ ಪ್ಯಾಕೇಜ್ ಎನ್ನುವುದು. ಹಾಗಾಗಿ ಸಿಗ್ವಿನ್ ಬದುಕಿರುವುದು ನಡುವಿನ ಲೈಬ್ರರಿಯೊಂದರಿಂದಲೇ ಅಲ್ಲ. ಅದರ ಮೇಲೆ ಕಟ್ಟಿದ ಸಾವಿರಾರು ಪ್ಯಾಕೇಜುಗಳು, ಅವನ್ನು ಕಟ್ಟುವ ಜನ ಇಲ್ಲದಿದ್ದರೆ ಆ ಲೈಬ್ರರಿ ಯಾರಿಗೂ ಬೇಡ.

ಮೊದಲ ಐದು ವರ್ಷ ಹೀಗಿರಲಿಲ್ಲ. ಸಿಗ್ನಸ್‌ನವರು ಎಲ್ಲವನ್ನೂ ಒಂದೇ ದೊಡ್ಡ ಮೂಟೆಯಾಗಿ ಬಿಡುಗಡೆ ಮಾಡುತ್ತಿದ್ದರು. 1998ರ ಕೊನೆಯಲ್ಲಿ ಬಂದ ‘ಬಿ20.1’ ಅಂಥ ಮೂಟೆಗಳಲ್ಲಿ ಹೆಸರಾದದ್ದು. ಅದರೊಳಗಿನ ಯಾವುದೋ ಸಣ್ಣ ಸಲಕರಣೆಯ ತಪ್ಪು ತಿದ್ದಿದ್ದರೂ ಮುಂದಿನ ಮೂಟೆ ಬರುವವರೆಗೆ ಜನ ಕಾಯಬೇಕಿತ್ತು. 1999ರ ನವೆಂಬರಿನಲ್ಲಿ ಸಿಗ್ನಸ್ ಅನ್ನು ರೆಡ್ ಹ್ಯಾಟ್ ಕೊಳ್ಳುವ ಸುದ್ದಿ ಹೊರಬಿತ್ತು. 2000ದಲ್ಲಿ ಮೂಟೆಯನ್ನು ಬಿಚ್ಚಿ ಬಿಡಿಬಿಡಿ ಪ್ಯಾಕೇಜುಗಳಾಗಿ ಮಾಡಿದರು. ಬೇಕಾದ್ದನ್ನಷ್ಟೇ ಆರಿಸಿ ಇಳಿಸಿಕೊಳ್ಳಲು ‘ಸೆಟಪ್’ ಎಂಬ ಪ್ರೋಗ್ರಾಂ ಬಂತು. ಅದರ ಹಿಂದಿದ್ದವರು ಡಿಜೆ ಡಿಲೋರಿ. ಡಾಸ್ ಕಾಲದಲ್ಲೇ ಗ್ನೂ ಕಂಪೈಲರನ್ನು ಅಲ್ಲಿಗೆ ತಂದು ಹೆಸರಾಗಿದ್ದವರು.

ಈ ಬದಲಾವಣೆ ಮೇಲ್ನೋಟಕ್ಕೆ ಬರೀ ಅನುಕೂಲದ್ದು. ಆದರೆ ಅದರಿಂದ ಯೋಜನೆಯ ಸ್ವರೂಪವೇ ಬದಲಾಯಿತು. ಮೂಟೆ ಇದ್ದಾಗ ಅದು ಕಂಪನಿಯ ಮೂಟೆ. ಬಿಡಿಸಿದ ಮೇಲೆ ಒಂದೊಂದು ಗಂಟನ್ನೂ ಒಬ್ಬೊಬ್ಬರು ಹೊರಬಹುದಾಯಿತು. ಕಂಪನಿಗೆ ಸಂಬಂಧವೇ ಇಲ್ಲದ ಯಾರೋ ಒಬ್ಬರು, ಯಾವುದೋ ದೇಶದಲ್ಲಿ ಕುಳಿತು, ತಮಗೆ ದಿನವೂ ಬೇಕಾಗುವ ಒಂದು ಎಡಿಟರನ್ನೋ ಒಂದು ಲೈಬ್ರರಿಯನ್ನೋ ‘ನಾನು ನೋಡಿಕೊಳ್ಳುತ್ತೇನೆ’ ಎಂದು ಒಪ್ಪಿಕೊಳ್ಳಲು ದಾರಿಯಾಯಿತು. ಹೊಸದನ್ನು ತರುವವರು ಮೊದಲು ಇಂಥದನ್ನು ತರುತ್ತೇನೆಂದು ಹೇಳಬೇಕು, ಕಟ್ಟಿದ್ದನ್ನು ಇನ್ನೊಬ್ಬರು ಪರೀಕ್ಷಿಸಬೇಕು, ಆಮೇಲೆ ಅದು ಪಟ್ಟಿಗೆ ಸೇರಬೇಕು. ಒಮ್ಮೆ ಸೇರಿದ ಮೇಲೆ ಆ ಪ್ಯಾಕೇಜಿನ ಮುಂದೆ ಒಂದು ಹೆಸರಿರುತ್ತದೆ. ಕೆಟ್ಟರೆ ಕೇಳಬೇಕಾದದ್ದು ಅವರನ್ನು. ಸಂಬಳವಿಲ್ಲ. ಗಮನಾರ್ಹ ಕೆಲಸ ಮಾಡಿದವರಿಗೆ ಶಾಲೆಯ ಮಕ್ಕಳಿಗೆ ಕೊಡುವಂತೆ ‘ಚಿನ್ನದ ನಕ್ಷತ್ರ’ ಕೊಟ್ಟು ಹೆಸರು ಬರೆದಿಡುವ ತಮಾಷೆಯ ಪದ್ಧತಿಯೊಂದಿತ್ತು, ಅಷ್ಟೆ.

*

ಒಂದು ಪ್ಯಾಕೇಜನ್ನು ನೋಡಿಕೊಳ್ಳುವುದು ಎಂದರೆ ಏನು? ಹೊರಗಿನವರಿಗೆ ಅದು ಹೊಸ ಆವೃತ್ತಿಯ ಸೋರ್ಸ್ ತಂದು, ಎರಡು ಆಜ್ಞೆ ಕೊಟ್ಟು, ಕಟ್ಟಿ ಇಡುವುದು ಎಂದು ಕಾಣುತ್ತದೆ. ಕೆಲವೊಮ್ಮೆ ಅಷ್ಟೇ ಇರುತ್ತದೆ. ಬಹಳ ಸಲ ಇರುವುದಿಲ್ಲ.

ಮೂಲ ಲೇಖಕರು ಲಿನಕ್ಸ್ ಮೇಲೆ ಬರೆದಿರುತ್ತಾರೆ. ಅಲ್ಲಿ ಪ್ರೋಗ್ರಾಮಿನ ಹೆಸರಿಗೆ ಬಾಲವಿಲ್ಲ, ಇಲ್ಲಿ ‘.ಇಎಕ್ಸ್‌ಇ’ ಎಂಬ ಬಾಲವಿದೆ. ಕಟ್ಟಿ ಮುಗಿದ ಮೇಲೆ ಅದನ್ನು ಜಾಗಕ್ಕೆ ಸೇರಿಸುವ ಸ್ಕ್ರಿಪ್ಟು ಬಾಲವಿಲ್ಲದ ಹೆಸರನ್ನು ಹುಡುಕಿ ಎಡವಬಹುದು. ಅಲ್ಲಿ ಒಂದು ಲೈಬ್ರರಿ ತನಗೆ ಬೇಕಾದ ಕೆಲವು ತುಣುಕುಗಳನ್ನು ‘ಓಡುವಾಗ ಹೇಗೋ ಸಿಗುತ್ತವೆ’ ಎಂದು ಬಿಟ್ಟುಕೊಡಬಹುದು. ವಿಂಡೋಸ್‌ನಲ್ಲಿ ಕಟ್ಟುವಾಗಲೇ ಪೂರ್ತಿ ಲೆಕ್ಕ ಒಪ್ಪಿಸಬೇಕು, ಒಂದು ತುಣುಕು ಕಾಣೆಯಾದರೂ ಲೈಬ್ರರಿ ಹುಟ್ಟುವುದಿಲ್ಲ. ಅಲ್ಲಿ ದೊಡ್ಡಕ್ಷರದ ‘ರೀಡ್‌ಮಿ’ ಬೇರೆ, ಚಿಕ್ಕಕ್ಷರದ ‘ರೀಡ್‌ಮಿ’ ಬೇರೆ. ಇಲ್ಲಿ ಸಾಮಾನ್ಯವಾಗಿ ಎರಡೂ ಒಂದೇ. ಅಲ್ಲಿ ಸಾಲು ಮುಗಿದದ್ದಕ್ಕೆ ಒಂದು ಗುರುತು, ಇಲ್ಲಿ ಎರಡು. ಕಣ್ಣಿಗೆ ಕಾಣದ ಆ ಹೆಚ್ಚಿನ ಗುರುತೊಂದು ಶೆಲ್ ಸ್ಕ್ರಿಪ್ಟಿನೊಳಗೆ ಸೇರಿಕೊಂಡರೆ ಬ್ಯಾಷ್ ಅರ್ಥವಾಗದ ತಪ್ಪು ತೋರಿಸಿ ನಿಲ್ಲುತ್ತದೆ.

ಇಂಥ ಪ್ರತಿಯೊಂದಕ್ಕೂ ಒಂದು ಪ್ಯಾಚ್, ಅಂದರೆ ತೇಪೆ. ಮುಂದಿನ ಆವೃತ್ತಿ ಬಂದಾಗ ಮೂಲದ ಸಾಲುಗಳು ಅತ್ತಿತ್ತ ಸರಿದಿರುತ್ತವೆ, ತೇಪೆ ಕೂರುವುದಿಲ್ಲ. ಮತ್ತೆ ಹೊಲಿಯಬೇಕು. ಹಾಗಾಗಿ ಅನುಭವಿಗಳು ತೇಪೆಯನ್ನು ಮೂಲ ಲೇಖಕರಿಗೇ ಕಳಿಸಿ, ಅದನ್ನು ಅಲ್ಲಿಯೇ ಸೇರಿಸಿಕೊಳ್ಳುವಂತೆ ಒಪ್ಪಿಸಲು ನೋಡುತ್ತಾರೆ. ವಿಂಡೋಸ್ ಕಂಡರೆ ಮೂಗು ಮುರಿಯುವ ಲೇಖಕರನ್ನು ಒಪ್ಪಿಸುವುದಕ್ಕೆ ಸಹನೆ ಬೇಕು. ಒಪ್ಪಿಸಿದ್ದಕ್ಕೆ ಗುರುತುಗಳೂ ಉಳಿದಿವೆ. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸಂಪರ್ಕ ಕಲ್ಪಿಸುವ ಓಪನ್‌ಎಸ್‌ಎಸ್‌ಎಚ್‌ನ ಮೂಲದಲ್ಲಿಯೇ ಸಿಗ್ವಿನ್‌ಗೆಂದು ಪ್ರತ್ಯೇಕ ಕಡತವಿದೆ. ಅದನ್ನು ಬರೆದವರು ಕೊರಿನ್ನಾ ಫಿನ್ಶೆನ್. ಮುಂದೆ ಇಡೀ ಸಿಗ್ವಿನ್ ಯೋಜನೆಯ ಹೊಣೆ ಹೊತ್ತವರೂ ಅವರೇ.

ಇನ್ನು ಪ್ಯಾಕೇಜುಗಳ ನಡುವಿನ ನೆಂಟಸ್ತಿಕೆ. ಓಪನ್‌ಎಸ್‌ಎಸ್‌ಎಲ್‌ನಂಥ ಒಂದು ಲೈಬ್ರರಿ ತನ್ನ ಒಳಗಿನ ಕಟ್ಟನ್ನು ಬದಲಿಸಿದರೆ ಅದನ್ನು ನೆಚ್ಚಿದ ಪ್ರತಿಯೊಂದು ಪ್ಯಾಕೇಜನ್ನೂ ಮತ್ತೆ ಕಟ್ಟಬೇಕು. ಅವುಗಳಲ್ಲಿ ಕೆಲವನ್ನು ನೋಡಿಕೊಳ್ಳುತ್ತಿದ್ದವರು ಕೆಲಸ ಬದಲಿಸಿರುತ್ತಾರೆ, ಮಕ್ಕಳಾಗಿರುತ್ತವೆ, ವಿಂಡೋಸ್ ಬಳಸುವುದನ್ನೇ ಬಿಟ್ಟಿರುತ್ತಾರೆ. ಪತ್ರಕ್ಕೆ ಉತ್ತರ ಬರುವುದಿಲ್ಲ. ಅಂಥ ಪ್ಯಾಕೇಜಿಗೆ ‘ಅನಾಥ’ ಎಂದೇ ಹೆಸರು. ಯಾರಾದರೂ ದತ್ತು ತೆಗೆದುಕೊಳ್ಳುವವರೆಗೆ ಅದು ಹಾಗೆಯೇ ಬಿದ್ದಿರುತ್ತದೆ, ಅದರೊಳಗಿನ ಭದ್ರತೆಯ ತೂತುಗಳೂ ಹಾಗೆಯೇ ತೆರೆದಿರುತ್ತವೆ.

ಹಳೆಯ ಕಾಲದಲ್ಲಿ ಪ್ರತಿಯೊಬ್ಬರೂ ತಮ್ಮದೇ ರೀತಿಯಲ್ಲಿ ಕಟ್ಟುತ್ತಿದ್ದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡರೆ ಮೊದಲಿನವರು ಏನು ಮಾಡಿದ್ದರೆಂದು ತಿಳಿಯುವುದೇ ಕಷ್ಟವಾಗಿತ್ತು. ಇದಕ್ಕೆ ಉತ್ತರವಾಗಿ ಬಂದದ್ದು ‘ಸಿಗ್‌ಪೋರ್ಟ್’. ಜೆಂಟೂ ಲಿನಕ್ಸ್‌ನ ಪದ್ಧತಿಯಿಂದ ಪ್ರೇರಣೆ ಪಡೆದ ಇದರಲ್ಲಿ ಸೋರ್ಸ್ ಎಲ್ಲಿಂದ ತರಬೇಕು, ಯಾವ ತೇಪೆ ಹಾಕಬೇಕು, ಹೇಗೆ ಕಟ್ಟಬೇಕು ಎಂಬುದೆಲ್ಲ ಒಂದು ಪುಟ್ಟ ಕಡತದಲ್ಲಿರುತ್ತದೆ. ಅಡುಗೆಯವರು ಬಿಟ್ಟುಹೋದರೂ ಅಡುಗೆಯ ಚೀಟಿ ಮನೆಯಲ್ಲೇ ಉಳಿಯುತ್ತದೆ.

*

ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಪೋಸ್ಟ್‌ಗ್ರೆಸ್ ಎಂಬ ಹೆಸರಾಂತ ಡೇಟಾಬೇಸ್ 2005ರಲ್ಲಿ 8.0 ಆವೃತ್ತಿ ಬರುವವರೆಗೆ ವಿಂಡೋಸ್ ಮೇಲೆ ಓಡುತ್ತಿದ್ದದ್ದು ಸಿಗ್ವಿನ್ ಮೂಲಕವೇ. ಗಿಟ್ ಹುಟ್ಟಿದ ಮೊದಲ ವರ್ಷಗಳಲ್ಲಿ ಅದನ್ನು ವಿಂಡೋಸ್‌ನಲ್ಲಿ ಬಳಸಬೇಕೆಂದವರಿಗೂ ಇದೇ ದಾರಿ. ಮೇಜಿನ ಮೇಲೆ ಕಂಪನಿ ಕೊಟ್ಟ ವಿಂಡೋಸ್, ಕೆಲಸ ಮಾತ್ರ ದೂರದ ಯುನಿಕ್ಸ್ ಸರ್ವರುಗಳ ಮೇಲೆ ಎಂಬ ಸ್ಥಿತಿಯಲ್ಲಿ ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರಿನಲ್ಲಿ ಆ ದಿನಗಳಲ್ಲಿ ದುಡಿದ ಎಂಜಿನಿಯರುಗಳಿಗೂ ಸಿಗ್ವಿನ್‌ನ ಕಪ್ಪು ಕಿಟಕಿಯ ಪರಿಚಯ ಇದ್ದೇ ಇರುತ್ತದೆ.

ಕನ್ನಡಕ್ಕೂ ಇದಕ್ಕೂ ಒಂದು ನೇರ ಸಂಬಂಧವಿದೆ. ಸಿಗ್ವಿನ್‌ನ 1.5 ಆವೃತ್ತಿಯವರೆಗೆ ಕಡತದ ಹೆಸರುಗಳನ್ನು ವಿಂಡೋಸ್‌ನ ಹಳೆಯ ಅಕ್ಷರಕೋಷ್ಟಕಗಳ ಮೂಲಕ ಓದುತ್ತಿದ್ದರು. ಇಂಗ್ಲಿಷಿಗೆ ಒಂದು ಕೋಷ್ಟಕ, ರಷ್ಯನ್ನಿಗೆ ಒಂದು, ಜಪಾನಿಗೆ ಒಂದು. ಕನ್ನಡಕ್ಕೆ ಮೈಕ್ರೋಸಾಫ್ಟ್ ಅಂಥ ಕೋಷ್ಟಕವನ್ನೇ ಮಾಡಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬಂದದ್ದು ಯುನಿಕೋಡ್ ಮೂಲಕ ಮಾತ್ರ. ಹೀಗಾಗಿ ಕಡತವೊಂದಕ್ಕೆ ‘ಪತ್ರ’ ಎಂದು ಕನ್ನಡದಲ್ಲಿ ಹೆಸರಿಟ್ಟರೆ ವಿಂಡೋಸ್‌ನಲ್ಲಿ ಅದು ಸರಿಯಾಗಿ ಕಾಣುತ್ತಿತ್ತು, ಸಿಗ್ವಿನ್‌ನಲ್ಲಿ ಮಾತ್ರ ಪ್ರಶ್ನೆಚಿಹ್ನೆಗಳ ಸಾಲಾಗುತ್ತಿತ್ತು, ತೆರೆಯಲೂ ಬರುತ್ತಿರಲಿಲ್ಲ.

2009ರ ಡಿಸೆಂಬರಿನಲ್ಲಿ ಬಂದ 1.7 ಆವೃತ್ತಿಯಲ್ಲಿ ಇದು ಬದಲಾಯಿತು. ವಿಂಡೋಸ್ 95, 98ರ ಹೊರೆಯನ್ನು ಕೆಳಗಿಳಿಸಿ, ಒಳಗಿನ ವ್ಯವಹಾರವನ್ನೆಲ್ಲ ಯುನಿಕೋಡ್‌ಗೆ ತಿರುಗಿಸಿ, ಹೊರಗೆ ಯುಟಿಎಫ್-8 ಅನ್ನೇ ರೂಢಿಯಾಗಿ ಇಟ್ಟರು. ಆ ಕೆಲಸ ಮಾಡಿದವರು ಕನ್ನಡವನ್ನು ನೆನೆದು ಮಾಡಿದ್ದಲ್ಲ. ಆದರೆ ಕೋಷ್ಟಕವಿಲ್ಲದ ಭಾಷೆಗಳಿಗೆಲ್ಲ ಅವತ್ತು ಬಾಗಿಲು ತೆರೆಯಿತು. ಟರ್ಮಿನಲ್‌ನ ಸಮ ಅಗಲದ ಚೌಕಗಳಲ್ಲಿ ನಮ್ಮ ಒತ್ತಕ್ಷರಗಳು ಕೂರುವುದು ಇಂದಿಗೂ ಕಷ್ಟವೇ. ಆದರೂ ಕಡತ ತೆರೆಯುತ್ತದೆ, ಒಳಗಿನ ಕನ್ನಡವನ್ನು ಗ್ರೆಪ್ ಹುಡುಕಿಕೊಡುತ್ತದೆ.

*

2016 ಸಿಗ್ವಿನ್ ಪಾಲಿಗೆ ವಿಚಿತ್ರ ವರ್ಷ. ಆ ವರ್ಷದ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ತಾನೇ ವಿಂಡೋಸ್ ಒಳಗೆ ಲಿನಕ್ಸ್ ಪ್ರೋಗ್ರಾಮುಗಳನ್ನು ಓಡಿಸುವುದಾಗಿ ಪ್ರಕಟಿಸಿತು. ಉಬುಂಟುವಿನ ಬ್ಯಾಷ್ ವಿಂಡೋಸ್ 10ರಲ್ಲಿ! ಮತ್ತೆ ಕಟ್ಟುವ ಗೊಡವೆಯಿಲ್ಲ, ಲಿನಕ್ಸ್‌ಗೆ ಕಟ್ಟಿದ ಪ್ಯಾಕೇಜೇ ಸಾಕು. ಇಪ್ಪತ್ತು ವರ್ಷ ಸ್ವಯಂಸೇವಕರು ಮಾಡಿದ್ದನ್ನು ಕಂಪನಿಯೊಂದು ಒಂದೇ ಏಟಿಗೆ ಬೇಡವಾಗಿಸಿದಂತೆ ಕಂಡಿತು. ಸಿಗ್ವಿನ್ ಇನ್ನೇಕೆ ಎಂದು ಕೇಳಿದವರು ಬಹಳ.

ಅದೇ ವರ್ಷ ರೆಡ್ ಹ್ಯಾಟ್ ಸಿಗ್ವಿನ್‌ನ ಪರವಾನಗಿಯನ್ನು ಸಡಿಲಿಸಿತು. ಅಲ್ಲಿಯವರೆಗೆ ಸಿಗ್ವಿನ್ ಲೈಬ್ರರಿಯನ್ನು ಬಳಸಿ ಕಟ್ಟಿದ ಪ್ರೋಗ್ರಾಮನ್ನು ಹಂಚಬೇಕಾದರೆ ಅದೂ ಮುಕ್ತ ತಂತ್ರಾಂಶವಾಗಿರಬೇಕಿತ್ತು. ಇಲ್ಲವೇ ರೆಡ್ ಹ್ಯಾಟ್‌ಗೆ ಹಣ ಕೊಟ್ಟು ಬೇರೆ ಪರವಾನಗಿ ಕೊಳ್ಳಬೇಕಿತ್ತು. ಎಲ್‌ಜಿಪಿಎಲ್‌ಗೆ ಬದಲಾದ ಮೇಲೆ ಆ ಕಟ್ಟು ಹೋಯಿತು, ಹಣದ ದಾರಿಯೂ ಮುಚ್ಚಿತು. ನೋಡಿಕೊಳ್ಳುವ ಕೆಲಸಕ್ಕೆ ಬೆಲೆ ಪಡೆಯಬಹುದೆಂದು 1989ರಲ್ಲಿ ಹಾಕಿದ್ದ ಲೆಕ್ಕ ಸಿಗ್ವಿನ್ ಮಟ್ಟಿಗೆ ಅಲ್ಲಿಗೆ ಮುಗಿದಂತಾಯಿತು.

ಆದರೂ ಕೆಲಸ ನಿಲ್ಲಲಿಲ್ಲ. ಮೈಕ್ರೋಸಾಫ್ಟ್‌ನ ಮೊದಲ ಪ್ರಯತ್ನವೂ ಲಿನಕ್ಸ್‌ನ ಕೋರಿಕೆಗಳನ್ನು ವಿಂಡೋಸ್‌ನ ಮಾತಿಗೆ ತಿರುಗಿಸುವುದೇ ಆಗಿತ್ತು, ಸಿಗ್ವಿನ್ ಹೊರಗೆ ನಿಂತು ಮಾಡುತ್ತಿದ್ದುದನ್ನು ಅದು ವಿಂಡೋಸ್‌ನ ಗರ್ಭದೊಳಗೆ ಮಾಡಿತು. ಅವರಿಗೂ ಅದು ಸುಲಭವಾಗಲಿಲ್ಲ. 2019ರಲ್ಲಿ ಪ್ರಕಟವಾದ ಎರಡನೆಯ ಆವೃತ್ತಿಯಲ್ಲಿ ತಿರುಗಿಸುವ ಹಾದಿಯನ್ನು ಬಿಟ್ಟು, ನಿಜವಾದ ಲಿನಕ್ಸ್ ಕರ್ನಲನ್ನೇ ಒಂದು ಪುಟ್ಟ ಕಲ್ಪಿತ ಯಂತ್ರದೊಳಗೆ ಓಡಿಸಿದರು. ಅದು ವೇಗವಾಗಿದೆ, ಚೆನ್ನಾಗಿದೆ. ಆದರೆ ಅದು ವಿಂಡೋಸ್ ಮನೆಯೊಳಗೆ ಲಿನಕ್ಸ್‌ಗೆಂದು ಕಟ್ಟಿದ ಬೇರೆ ಕೋಣೆ. ಸಿಗ್ವಿನ್ ಪ್ರೋಗ್ರಾಮುಗಳು ನಡುಮನೆಯಲ್ಲೇ ಇರುವ ವಿಂಡೋಸ್ ಪ್ರೋಗ್ರಾಮುಗಳು. ವಿಂಡೋಸ್‌ನ ಕಡತಗಳನ್ನು ಅವು ಗೋಡೆ ದಾಟದೆ ಮುಟ್ಟುತ್ತವೆ.

ಇನ್ನೂ ಒಂದು ಸಂಗತಿಯಿದೆ, ಅದು ಹಲವರಿಗೆ ಗೊತ್ತಿಲ್ಲ. ಸಿಗ್ವಿನ್‌ನ 1.3 ಆವೃತ್ತಿಯಿಂದ ಕವಲೊಡೆದು ‘ಎಂಸಿಸ್’ ಎಂಬ ಪುಟ್ಟ ವ್ಯವಸ್ಥೆ ಹುಟ್ಟಿತು. ಅದು ಹಳತಾದ ಮೇಲೆ ಹೊಸ ಸಿಗ್ವಿನ್‌ನಿಂದ ‘ಎಂಸಿಸ್2’ ಬಂತು. ವಿಂಡೋಸ್‌ಗೆ ಗಿಟ್ ಹಾಕಿಕೊಂಡಾಗ ಜೊತೆಗೆ ಬರುವ ‘ಗಿಟ್ ಬ್ಯಾಷ್’ ನಿಂತಿರುವುದು ಇದರ ಮೇಲೆ. ಅದರಲ್ಲಿ ಒಂದು ಆಜ್ಞೆ ಕೊಟ್ಟರೆ ಒಳಗೆ ನಡೆಯುವುದು ಅದೇ ಫೋರ್ಕ್, ಅದೇ ತಡೆದು ನಿಲ್ಲಿಸಿ ನಕಲು ಮಾಡುವ ಆಟ. ಸಿಗ್ವಿನ್ ಹೆಸರನ್ನೇ ಕೇಳದ ಎಷ್ಟೋ ಹೊಸ ಪೀಳಿಗೆಯ ಪ್ರೋಗ್ರಾಮರುಗಳು ದಿನವೂ ಅದರ ಮೇಲೆ ನಡೆದಾಡುತ್ತಿದ್ದಾರೆ. ಸಿಗ್ವಿನ್ ತಿದ್ದಿದ ತಪ್ಪು ಅಲ್ಲಿಯೂ ತಿದ್ದುತ್ತದೆ.

*

ಇಷ್ಟು ಜನ ನಿಂತಿರುವ ನೆಲವನ್ನು ಎಷ್ಟು ಜನ ಹೊತ್ತಿದ್ದಾರೆ? ಮೂವತ್ತು ವರ್ಷದಲ್ಲಿ ಸಿಗ್ವಿನ್‌ನ ಮುಂದಾಳುಗಳನ್ನು ಎಣಿಸಲು ಒಂದು ಕೈ ಬೆರಳು ಸಾಕು. ಚೇಂಬರ್ಲೇನ್, ಆಮೇಲೆ ಜೆಫ್ರಿ ನೋಯರ್, ಆಮೇಲೆ ಕ್ರಿಸ್ಟೋಫರ್ ಫೇಲರ್, 2014ರಿಂದ ಮುಂದೆ ಫಿನ್ಶೆನ್. ಫೋರ್ಕ್‌ನಂಥ ಒಳಗಿನ ಭಾಗಗಳನ್ನು ಧೈರ್ಯವಾಗಿ ಮುಟ್ಟಬಲ್ಲವರು ಯಾವ ಕಾಲಕ್ಕೂ ಕೆಲವರೇ.

ಇದರ ಅಪಾಯವೇನೆಂದು 2024ರ ಮಾರ್ಚಿನಲ್ಲಿ ಜಗತ್ತಿಗೆ ಗೊತ್ತಾಯಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಪುಟ್ಟ ಸಲಕರಣೆ. ಬಹುಕಾಲ ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅವರು ದಣಿದಿದ್ದರು. ಸಹಾಯಕ್ಕೆ ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಅನುಮಾನಪಟ್ಟ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಮಾಡದಿದ್ದರೆ ಲೆಕ್ಕವಿಲ್ಲದಷ್ಟು ಸರ್ವರುಗಳು ತೆರೆದುಕೊಳ್ಳುತ್ತಿದ್ದವು. ಆ ಬಲೆ ಬೀಸಿದ್ದು ಲಿನಕ್ಸ್‌ಗೆ, ಸಿಗ್ವಿನ್‌ಗಲ್ಲ. ಆದರೆ ಸಿಗ್ವಿನ್ ಕೂಡ ತನ್ನ ಪ್ಯಾಕೇಜುಗಳ ಗಂಟು ಕಟ್ಟಲು ಬಳಸುತ್ತಿದ್ದದ್ದು ಇದೇ ಎಕ್ಸ್‌ಝಡ್. ನೋಡಿಕೊಳ್ಳುವವರ ದಣಿವು ಅವರೊಬ್ಬರ ಸ್ವಂತ ವಿಷಯ ಎಂದು ಸುಮ್ಮನಿರುವಂತಿಲ್ಲ. ಅವರು ಕಟ್ಟಿಕೊಟ್ಟದ್ದನ್ನು ಒಮ್ಮೆಯೂ ತೆರೆದು ನೋಡದೆ ಬಳಸುವವರೆಲ್ಲರ ಭದ್ರತೆ ಅದರಲ್ಲಿ ಸೇರಿಕೊಂಡಿದೆ.

ಸದ್ಯಕ್ಕೆ ಸಿಗ್ವಿನ್‌ನ ಕೆಲಸ ಸಾಗುತ್ತಿದೆ. 2024ರಲ್ಲಿ 3.5 ಆವೃತ್ತಿ ಬಂದಾಗ ವಿಂಡೋಸ್ 7ನ್ನು ಕೈಬಿಟ್ಟರು. ಹೊಸ ಎಆರ್‌ಎಂ ಚಿಪ್‌ಗಳಿಗೆ ಒಗ್ಗಿಸುವ ಪ್ರಯತ್ನ ನಡೆದಿದೆ. ಅನಾಥ ಪ್ಯಾಕೇಜುಗಳ ಪಟ್ಟಿ ಇದ್ದೇ ಇದೆ. ಆಗೊಮ್ಮೆ ಈಗೊಮ್ಮೆ ಯಾರೋ ಬಂದು ಒಂದನ್ನು ಎತ್ತಿಕೊಳ್ಳುತ್ತಾರೆ.

ಆ ‘ಕಾನ್’ ಫೋಲ್ಡರಿನ ಇಮೇಲ್ ದೇಶ ಸುತ್ತುತ್ತಿದ್ದ ದಶಕ ಮುಗಿಯುವಷ್ಟರಲ್ಲೇ, ಕನ್ನಡದ ಹೆಸರುಗಳಿಗೆ ಬಾಗಿಲು ತೆರೆದ ಅದೇ 1.7 ಆವೃತ್ತಿಯಲ್ಲಿ ಇನ್ನೊಂದು ಸಣ್ಣ ತಿದ್ದುಪಡಿಯೂ ಇತ್ತು. ಹೊಸತೇನಿದೆ ಎಂಬ ಉದ್ದನೆಯ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು: ಡಾಸ್ ಕಾಲದಿಂದ ಕಾದಿರಿಸಿದ್ದ ಹೆಸರುಗಳನ್ನು ಇನ್ನು ಮುಂದೆ ಕಡತಗಳಿಗೆ ಇಡಬಹುದು. ಅಂದಿನಿಂದ ‘ಆಕ್ಸ್.ಸಿ’ ಇರುವ ಗಂಟನ್ನು ಸಿಗ್ವಿನ್‌ನಲ್ಲಿ ಬಿಚ್ಚಿದರೆ ಅದು ಉಳಿದ ಕಡತಗಳ ಜೊತೆಗೆ ತಾನೂ ಸುಮ್ಮನೆ ಇಳಿದು ಕೂರುತ್ತದೆ. ಬಿಚ್ಚಿದವರ ಗಮನಕ್ಕೆ ಅದು ಬರುವುದೂ ಇಲ್ಲ.